ಅನುವಾದದಲ್ಲಿ ಕಂಡ ಸ್ವೀಡನ್

ಸ್ವೀಡನ್ ದೇಶವನ್ನು ನಾನು ಕಣ್ಣಾರೆ ಕಂಡವನಲ್ಲ. ಸ್ವೀಡಿಷ್ ಭಾಷೆಯ ಒಂದು ವಾಕ್ಯವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿಯೂ ನನಗಿಲ್ಲ. ಹೀಗಿದ್ದೂ ಆ ನಾಡಿನ ಸಾಹಿತ್ಯವನ್ನು ಕುರಿತು ಮಾತನಾಡಲು ಹೊರಟಿರುವುದು ಉದ್ಧಟತನವೆಂದು ತಮ್ಮಲ್ಲಿ ಕೆಲವರಿಗಾದರೂ ತೋರಬಹುದು. ಆ ಆಕ್ಷೇಪಣೆಯನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಏಕೆಂದರೆ ಇಂದು ನಾನು ಹೇಳಬೇಕೆಂದಿರುವುದು ಸ್ವೀಡನ್ನನ್ನು ಕುರಿತು ಎಷ್ಟೋ, ಆ ನಾಡು ನನ್ನಂಥ ದೂರದ ಓದುಗನ ಕೈಗೆ ಬಂದು ಸೇರಿದ ದಾರಿಯನ್ನು ಕುರಿತೂ ಅಷ್ಟೇ.

ನಾನು ಕನ್ನಡ ಎಂ.ಎ. ಓದುತ್ತಿದ್ದ ಕಾಲದಲ್ಲಿ, ಮೈಸೂರಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ರಟ್ಟು ಕಿತ್ತುಹೋಗಿದ್ದ ತೆಳ್ಳನೆಯ ಇಂಗ್ಲಿಷ್ ಕಾದಂಬರಿಯೊಂದು ಕೈಗೆ ಸಿಕ್ಕಿತು. ಹೆಸರು ‘ಬರಬ್ಬಾಸ್’. ಏಸುವಿಗೆ ಬದಲಾಗಿ ಬಿಡುಗಡೆ ಹೊಂದಿದ ಅಪರಾಧಿಯ ಕಥೆ ಅದು. ತನ್ನ ಸ್ಥಾನದಲ್ಲಿ ಇನ್ನೊಬ್ಬನು ಶಿಲುಬೆಯೇರಿದ್ದನ್ನು ಕಂಡೂ ನಂಬಲಾರದೆ, ನಂಬದೆ ಇರಲೂ ಆರದೆ, ಜೀವಮಾನವೆಲ್ಲ ತೊಳಲಿ, ಕಡೆಗೆ ತಾನೂ ಶಿಲುಬೆಯ ಮೇಲೆಯೇ ಸಾಯುವ ಮನುಷ್ಯನ ಕಥೆ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಅಲಂಕಾರವೆಂಬುದೇ ಇಲ್ಲದ ವಾಕ್ಯಗಳು; ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಇಂಥ ಇಂಗ್ಲಿಷ್ ಗದ್ಯವನ್ನು ಬರೆದ ಈ ಪೇರ್ ಲಾಗರ್‌ಕ್ವಿಸ್ಟ್ ಯಾರಿರಬಹುದೆಂದು ಮೊದಲ ಪುಟಗಳನ್ನು ತಿರುವಿದಾಗ, ಸಣ್ಣ ಅಕ್ಷರದ ಸಾಲೊಂದು ಕಣ್ಣಿಗೆ ಬಿತ್ತು. ಗ್ರಂಥ ಸ್ವೀಡಿಷ್ ಭಾಷೆಯದು. ಅನುವಾದಿಸಿದವನು ಅಲನ್ ಬ್ಲೇರ್. ನಾನು ರಾತ್ರಿಯೆಲ್ಲ ಮೆಚ್ಚಿದ ಇಂಗ್ಲಿಷ್ ಆ ಸಣ್ಣ ಅಕ್ಷರದವನದಾಗಿತ್ತು! ೧೯೫೦ರಲ್ಲಿ ಸ್ವೀಡನ್ನಿನಲ್ಲಿ ಪ್ರಕಟವಾದ ಈ ಕಾದಂಬರಿ ೧೯೫೧ರಲ್ಲಿ ಇಂಗ್ಲಿಷಿಗೆ ಬಂದಿತೆಂದೂ, ಅದೇ ವರ್ಷ ಲಾಗರ್‌ಕ್ವಿಸ್ಟನಿಗೆ ನೊಬೆಲ್ ಬಹುಮಾನ ದೊರೆಯಿತೆಂದೂ ಆಮೇಲೆ ತಿಳಿದುಕೊಂಡೆ.

ಆ ರಾತ್ರಿಯ ಪಾಠವನ್ನು ನಾನು ಕಲಿಯಬೇಕಾಗಿತ್ತು, ಕಲಿಯಲಿಲ್ಲ. ಅಧ್ಯಾಪಕನಾದ ಮೇಲೆ, ಅನುವಾದವೆಂಬುದು ಬಿಸಿಮಾಡಿದ ತಂಗಳು ಎಂದು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಒಂದು ದಿನ ವಿದ್ಯಾರ್ಥಿಯೊಬ್ಬ, ಇಂಗ್ಲಿಷಿನ ಮೂಲಕ ತಾನು ಕನ್ನಡಿಸಿದ್ದ ಪರದೇಶದ ಕಥೆಯೊಂದನ್ನು ನೀಟಾಗಿ ಬರೆದು ತಂದು ತೋರಿಸಿದ. ನಾನು ಎರಡು ಪುಟ ನೋಡಿ, “ಇದಿರಲಿ, ಸ್ವಂತದ್ದೇನಾದರೂ ಬರೆ” ಎಂದೆ. ಆತ ಹಾಳೆಗಳನ್ನು ಮಡಿಸಿಕೊಂಡು ಹೋದ. ಮತ್ತೆ ಎಂದೂ ಏನನ್ನೂ ತರಲಿಲ್ಲ. ನನ್ನ ಆ ಮಾತು ಎಷ್ಟು ತಪ್ಪೆಂಬುದು ಮನವರಿಕೆಯಾಗಲು ಬಹಳ ವರ್ಷಗಳೇ ಬೇಕಾದವು. ಮನವರಿಕೆ ಮಾಡಿಕೊಟ್ಟವು, ಆಮೇಲೆ ಒಂದೊಂದಾಗಿ ನನ್ನ ಕೈಸೇರಿದ ಸ್ವೀಡನ್ನಿನ ಪುಸ್ತಕಗಳೇ.

ಸ್ವೀಡನ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಯಾವುದು? ಹಿಮ, ಐಶ್ವರ್ಯ, ಸುವ್ಯವಸ್ಥೆ, ವರ್ಷಕ್ಕೊಮ್ಮೆ ನೊಬೆಲ್ ಬಹುಮಾನವನ್ನು ಹಂಚುವ ದೊರೆ. ನನ್ನ ಮನಸ್ಸಿನಲ್ಲಿದ್ದುದೂ ಇದೇ. ಪುಸ್ತಕಗಳು ತೋರಿಸಿದ ಸ್ವೀಡನ್ ಬೇರೆಯೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯೂರೋಪಿನ ಬಡ ನಾಡುಗಳಲ್ಲೊಂದು. ೧೮೬೭ರಲ್ಲಿ ವಸಂತ ಕಾಲಿಡಲೇ ಇಲ್ಲವೆನ್ನುವಷ್ಟು ಚಳಿ ಹಿಡಿದು ಬೆಳೆ ಕೆಟ್ಟಿತು. ಮರುವರ್ಷ ದಕ್ಷಿಣದ ಪ್ರಾಂತಗಳು ಅನಾವೃಷ್ಟಿಯಿಂದ ಒಣಗಿದವು. ಜನ ಮರದ ತೊಗಟೆಯನ್ನು ಪುಡಿಮಾಡಿ ಹಿಟ್ಟಿಗೆ ಬೆರೆಸಿ ರೊಟ್ಟಿ ಸುಟ್ಟುಕೊಂಡರು. ೧೮೫೦ರಿಂದ ೧೯೩೦ರವರೆಗಿನ ಎಂಬತ್ತು ವರ್ಷಗಳಲ್ಲಿ ಸುಮಾರು ೧೨–೧೩ ಲಕ್ಷ ಮಂದಿ ಊರು ಬಿಟ್ಟು ಅಮೆರಿಕಕ್ಕೆ ಹೋದರು. ೧೮೬೦ರ ದಶಕದಲ್ಲಿ ಆ ದೇಶದ ಒಟ್ಟು ಜನಸಂಖ್ಯೆ ೪೦ ಲಕ್ಷದ ಆಸುಪಾಸಿನಲ್ಲಿತ್ತೆಂಬುದನ್ನು ನೆನೆದರೆ, ಆ ಸಂಖ್ಯೆಯ ಭಾರ ನಮಗೆ ಅರಿವಾದೀತು.

ಈ ಮಹಾವಲಸೆಯ ಕಥೆಯನ್ನು ಹೇಳಿದವನು ವಿಲ್ಹೆಲ್ಮ್ ಮೂಬೆರ್ಗ್. ೧೯೪೯ರಿಂದ ೧೯೫೯ರವರೆಗೆ ಪ್ರಕಟವಾದ ಅವನ ನಾಲ್ಕು ಕಾದಂಬರಿಗಳ ಮಾಲೆಯಲ್ಲಿ ಮೊದಲನೆಯದರ ಹೆಸರು ‘ವಲಸೆಗಾರರು’. ಸ್ಮೋಲಂಡ್ ಎಂಬ ಪ್ರಾಂತ. ಗುದ್ದಲಿ ಹಾಕಿದಲ್ಲೆಲ್ಲ ಕಲ್ಲು ಏಳುವ ನೆಲ. ‘ಬರಬ್ಬಾಸ್’ ಬರೆದ ಲಾಗರ್‌ಕ್ವಿಸ್ಟ್ ಹುಟ್ಟಿದ್ದೂ ಆ ಪ್ರಾಂತದಲ್ಲಿಯೇ. ಅಲ್ಲಿನ ರೈತ ಕಾರ್ಲ್ ಆಸ್ಕರ್, ಹೆಂಡತಿ ಕ್ರಿಸ್ತೀನ ಮತ್ತು ಮಕ್ಕಳೊಡನೆ ಹಡಗು ಹತ್ತಿ ಮಿನೆಸೋಟದ ಕಾಡಿನಲ್ಲಿ ನೆಲೆ ನಿಲ್ಲುತ್ತಾನೆ. ಗಂಡನಿಗೆ ಹೊಸ ನೆಲ ದಕ್ಕುತ್ತದೆ. ಹೆಂಡತಿಗೆ ಹಳೆಯ ನೆಲ ಬಿಡುವುದಿಲ್ಲ. ಆಕೆಯ ಹುಟ್ಟೂರಿನಿಂದ ಬಂದ ಬೀಜದಿಂದ ಒಂದು ಸೇಬಿನ ಗಿಡ ಅಲ್ಲಿ ಬೆಳೆಯುತ್ತದೆ. ಸಾಯುವ ಗಳಿಗೆಯಲ್ಲಿ ಆಕೆಗೆ ದೊರೆಯುವುದು ಆ ಮರದ ಹಣ್ಣಿನ ರುಚಿ. ಹುಟ್ಟೂರಿನ ಹಂಬಲವನ್ನು ಇಂಗ್ಲಿಷಿನಲ್ಲಿ ಓದುತ್ತ ಹೋದಂತೆ ನನ್ನ ಮನಸ್ಸಿನಲ್ಲಿ ತಾನಾಗಿ ಎದ್ದು ನಿಂತ ಪದ ‘ತವರು’. ಇಂಗ್ಲಿಷಿನಲ್ಲಿ ಇಲ್ಲದ ಪದ. ಮೂರು ಭಾಷೆಗಳನ್ನು ದಾಟಿ ಬಂದ ಸೇಬಿಗೆ ನಮ್ಮ ನುಡಿಯಲ್ಲಿ ಮೊದಲೇ ಒಂದು ಬುಟ್ಟಿ ಸಿದ್ಧವಾಗಿತ್ತು! ಈ ಮಾಲೆಯನ್ನು ಇಂಗ್ಲಿಷಿಗೆ ತಂದ ಗುಸ್ತಾಫ್ ಲಾನೆಸ್ಟಾಕ್ ತಾನೂ ಸ್ವೀಡನ್ನಿನಿಂದ ಅಮೆರಿಕಕ್ಕೆ ವಲಸೆ ಹೋದವನೇ. ವಲಸೆಯ ಕಥೆಯನ್ನು ವಲಸೆಗಾರನೇ ಭಾಷೆಯ ಗಡಿ ದಾಟಿಸಿದ.

ಊರು ಬಿಡಲಾರದೆ ಉಳಿದವರ ಪಾಡೇನು? ಸ್ವೀಡನ್ನಿನ ದೊಡ್ಡ ಜಮೀನುಗಳಲ್ಲಿ ‘ಸ್ಟಾತಾರೆ’ ಎಂಬ ಕೂಲಿಗಳ ವರ್ಗವೊಂದಿತ್ತು. ವರ್ಷಕ್ಕೊಮ್ಮೆ ಕರಾರು, ಕೂಲಿಯ ಬಹುಭಾಗ ಹಣದಲ್ಲಲ್ಲ, ಕಾಳು ಹಾಲುಗಳಲ್ಲಿ. ಗಂಡ ಹೊಲದಲ್ಲಿ ದುಡಿದರೆ ಹೆಂಡತಿ ಒಡೆಯನ ಹಸುಗಳನ್ನು ಕರೆಯಬೇಕು. ಅಕ್ಟೋಬರ್ ತಿಂಗಳ ಕೊನೆಯ ವಾರ ಬಂದಿತೆಂದರೆ, ಹಳೆಯ ಒಡೆಯನನ್ನು ಬಿಟ್ಟ ಸಂಸಾರಗಳು ಗಂಟುಮೂಟೆಯೊಡನೆ ಗಾಡಿಯೇರಿ ಹೊಸ ಒಡೆಯನ ಬಾಗಿಲಿಗೆ ಹೊರಡುತ್ತಿದ್ದವು. ಈ ಪದ್ಧತಿ ರದ್ದಾದದ್ದು ೧೯೪೫ರಲ್ಲಿ. ಜೀತದ ನೆನಪು ಇನ್ನೂ ಆರದಿರುವ ನಾಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಆ ಕೂಲಿಗಳ ಮಗನಾಗಿ ೧೯೦೧ರಲ್ಲಿ ಹುಟ್ಟಿದ ಈವಾರ್ ಲೂ-ಯೂಹಾನ್ಸನ್, ತನ್ನವರ ಬದುಕನ್ನೇ ಕಥೆ ಕಾದಂಬರಿಗಳಾಗಿ ಬರೆದ.

ಇನ್ನೊಬ್ಬ ಹ್ಯಾರಿ ಮಾರ್ಟಿನ್‌ಸನ್. ಆರನೆಯ ವಯಸ್ಸಿನಲ್ಲಿ ತಂದೆ ಸತ್ತ. ತಾಯಿ ಮಕ್ಕಳನ್ನು ಬಿಟ್ಟು ಅಮೆರಿಕಕ್ಕೆ ಹೊರಟುಹೋದಳು. ಅನಾಥ ಮಕ್ಕಳನ್ನು ಊರಿನ ಖರ್ಚಿನಲ್ಲಿ ಸಾಕಲು ರೈತರ ಮನೆಗಳಿಗೆ ಒಪ್ಪಿಸುವುದು ಅಂದಿನ ರೂಢಿ. ಈ ಹುಡುಗ ಮನೆಯಿಂದ ಮನೆಗೆ ಹಾಗೆ ಕೈ ಬದಲಾಯಿಸುತ್ತ ಬೆಳೆದ. ಹದಿಹರೆಯದಲ್ಲಿ ಹಡಗು ಸೇರಿ ಕಡಲು ಸುತ್ತಿದ. ೧೯೩೫ರಲ್ಲಿ ತನ್ನ ಬಾಲ್ಯವನ್ನು ಕಾದಂಬರಿಯಾಗಿಸಿದಾಗ ಅವನು ಅದಕ್ಕಿಟ್ಟ ಹೆಸರು, ತುರಚೆಗಿಡ ಹೂಬಿಟ್ಟಿದೆ ಎಂಬ ಅರ್ಥದ್ದು. ಮುಟ್ಟಿದರೆ ಚುಚ್ಚುವ ಗಿಡ. ಆದರೂ ಅದಕ್ಕೊಂದು ಹೂವು. ಹೆಚ್ಚಿನ ಶಾಲೆ ಕಾಣದ ಈ ಮನುಷ್ಯ ೧೯೪೯ರಲ್ಲಿ ಸ್ವೀಡಿಷ್ ಅಕಾಡೆಮಿಯ ಸದಸ್ಯನಾದ. ೧೯೭೪ರಲ್ಲಿ ಐವಿಂಡ್ ಯೂನ್‌ಸನ್ನನೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡ.

ಕೂಲಿಯ ಮಗನೂ ಅನಾಥ ಬಾಲಕನೂ ಲೇಖಕರಾದದ್ದು ಹೇಗೆ? ಇದು ಬರಿಯ ಪ್ರತಿಭೆಯ ಮಾತಲ್ಲ; ಇದರ ಹಿಂದೆ ದೀರ್ಘವಾದ ಚರಿತ್ರೆಯೊಂದಿದೆ. ೧೬೮೬ರ ಚರ್ಚು ಕಾನೂನಿನ ಪ್ರಕಾರ ಪ್ರತಿಯೊಬ್ಬ ಪ್ರಜೆಯೂ ಧರ್ಮಗ್ರಂಥವನ್ನು ತಾನೇ ಓದಲು ಕಲಿಯಬೇಕಾಗಿತ್ತು. ಪಾದ್ರಿ ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ಕೂಡಿಸಿ, ಆಳುಕಾಳುಗಳನ್ನೂ ಬಿಡದೆ, ಓದಿಸಿ ಪರೀಕ್ಷಿಸುತ್ತಿದ್ದ. ಕಾನೂನಿನ ಉದ್ದೇಶ ಭಕ್ತಿ, ಫಲಿಸಿದ್ದು ಅಕ್ಷರ. ಬರೆಯಲು ಬಾರದ ಎಷ್ಟೋ ಮಂದಿಗೆ ಓದಲು ಬರುತ್ತಿತ್ತು. ೧೮೪೨ರಲ್ಲಿ ಊರೂರಿಗೂ ಶಾಲೆ ಇರತಕ್ಕದ್ದೆಂಬ ಶಾಸನ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ಮಿಕ ಸಂಘಗಳೂ ಪಾನನಿರೋಧ ಸಂಘಗಳೂ ವಾಚನಾಲಯಗಳನ್ನು ತೆರೆದವು. ಸಂಜೆ ಹತ್ತು ಮಂದಿ ಕುಳಿತು ಒಂದು ಪುಸ್ತಕವನ್ನು ಓದಿ ಚರ್ಚಿಸುವ ಅಧ್ಯಯನ ಕೂಟಗಳು ಹಬ್ಬಿದವು. ಹಸಿದ ನಾಡು ಅನ್ನಕ್ಕಿಂತ ಮೊದಲೇ ಅಕ್ಷರವನ್ನು ಹಂಚಿಕೊಂಡಿತ್ತೆಂದರೆ ತಪ್ಪಾಗಲಾರದು.

ಶಾಲೆಯ ಮಾತು ಬಂದಾಗ ಸೆಲ್ಮಾ ಲಾಗರ್‌ಲೋಫಳನ್ನು ನೆನೆಯದಿರಲು ಸಾಧ್ಯವಿಲ್ಲ. ಹತ್ತು ವರ್ಷ ಉಪಾಧ್ಯಾಯಿನಿಯಾಗಿದ್ದ ಈಕೆಯ ಮೊದಲ ಕಾದಂಬರಿ ‘ಯೋಸ್ತ ಬೆರ್ಲಿಂಗ್’ ೧೮೯೧ರಲ್ಲಿ ಪ್ರಕಟವಾಯಿತು. ಆಮೇಲೆ ಉಪಾಧ್ಯಾಯರ ಸಂಘವೊಂದು, ಮಕ್ಕಳಿಗೆ ಭೂಗೋಳ ಕಲಿಸುವ ಓದುಪುಸ್ತಕವನ್ನು ಬರೆದುಕೊಡಬೇಕೆಂದು ಆಕೆಯನ್ನು ಕೇಳಿಕೊಂಡಿತು. ೧೯೦೬–೦೭ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಆ ಪಠ್ಯಪುಸ್ತಕವೇ, ಹೆಬ್ಬಾತಿನ ಬೆನ್ನೇರಿ ದೇಶವನ್ನೆಲ್ಲ ಸುತ್ತುವ ಕುಳ್ಳ ಹುಡುಗ ನೀಲ್ಸ್ ಹೊಲ್ಗರ್ಸನ್ನನ ಕಥೆ. ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನ ಪಡೆದ ಮೊದಲ ಮಹಿಳೆಯೂ ಈಕೆಯೇ, ಅದು ೧೯೦೯ರಲ್ಲಿ. ಸಾಲದಲ್ಲಿ ಕೈಬಿಟ್ಟುಹೋಗಿದ್ದ ತಂದೆಯ ಮನೆ ಮೋರ್ಬಕ್ಕವನ್ನು ಆಗಲೇ ಮರಳಿ ಕೊಂಡಿದ್ದ ಈಕೆ, ಬಹುಮಾನದ ಹಣದಿಂದ ಅದರ ಜಮೀನನ್ನೂ ಬಿಡಿಸಿಕೊಂಡಳು. ೧೯೯೪ರಲ್ಲಿ ನೊಬೆಲ್ ಬಹುಮಾನ ಪಡೆಯಲು ಸ್ಟಾಕ್‌ಹೋಮಿಗೆ ಬಂದ ಜಪಾನಿನ ಕೆಂಜಬುರೊ ಓಯೆ, ಯುದ್ಧಕಾಲದಲ್ಲಿ ತನ್ನ ಕಾಡಿನ ಕಣಿವೆಯ ಊರಿನಲ್ಲಿ ಕುಳಿತು ಬಾಲಕನಾಗಿ ಓದಿದ ಎರಡು ಪುಸ್ತಕಗಳನ್ನು ತನ್ನ ಉಪನ್ಯಾಸದಲ್ಲಿ ಸ್ಮರಿಸಿಕೊಂಡ. ಅವುಗಳಲ್ಲೊಂದು ಈ ನೀಲ್ಸನ ಕಥೆ. ಬಾಲಕನ ಕೈಗೆ ಅದು ಬಂದದ್ದು ಅನುವಾದದಲ್ಲಿಯೇ ಎಂಬುದನ್ನು ನಾವು ಮರೆಯಬಾರದು.

ಅನುವಾದವೆಂದರೆ ತಂಗಳೆಂಬ ನನ್ನ ಮಾತನ್ನು ಪೂರ್ತಿಯಾಗಿ ಅಳಿಸಿಹಾಕಿದ ಕಥೆ ಇನ್ನೊಂದಿದೆ. ‘ಯೋಸ್ತ ಬೆರ್ಲಿಂಗ್’ ಪ್ರಕಟವಾದ ೧೮೯೧ನೆಯ ಇಸವಿಯಲ್ಲಿಯೇ ಬರ್ಲಿನ್ ನಗರದ ಒಂದು ಯಹೂದಿ ಮನೆಯಲ್ಲಿ ನೆಲ್ಲಿ ಜಾಕ್ಸ್ ಎಂಬ ಹೆಣ್ಣುಮಗು ಹುಟ್ಟಿತು. ಹದಿನೈದನೆಯ ವಯಸ್ಸಿನಲ್ಲಿ ಆಕೆಗೆ ಈ ಕಾದಂಬರಿಯ ಜರ್ಮನ್ ಅನುವಾದ ಉಡುಗೊರೆಯಾಗಿ ಬಂದಿತು. ಓದಿ ಮರುಳಾದ ಹುಡುಗಿ ಸ್ವೀಡನ್ನಿನ ಲೇಖಕಿಗೆ ಕಾಗದ ಬರೆದಳು, ಉತ್ತರವೂ ಬಂದಿತು. ೧೯೨೧ರಲ್ಲಿ ತನ್ನ ಮೊದಲ ಪುಸ್ತಕವನ್ನು ಆಕೆಗೇ ಅರ್ಪಿಸಿ ಕಳುಹಿಸಿಕೊಟ್ಟಳು. ಕಾಗದದ ಆ ನಂಟು ಮೂವತ್ತು ವರ್ಷಕ್ಕೂ ಮಿಕ್ಕಿ ಎಳೆಯಾಗಿ ಉಳಿದುಬಂದಿತು. ೧೯೩೯ರ ಹೊತ್ತಿಗೆ ಜರ್ಮನಿಯಲ್ಲಿ ಯಹೂದಿಗಳ ಬದುಕು ಏನಾಗಿತ್ತೆಂಬುದು ತಮಗೆಲ್ಲ ತಿಳಿದಿದೆ. ಆ ಬೇಸಿಗೆಯಲ್ಲಿ ನೆಲ್ಲಿಯ ಗೆಳತಿಯೊಬ್ಬಳು ಸ್ವೀಡನ್ನಿಗೆ ಹೋಗಿ, ಎಂಬತ್ತು ದಾಟಿದ್ದ ಲಾಗರ್‌ಲೋಫಳನ್ನು ಕಂಡು ಮೊರೆಯಿಟ್ಟಳು. ವೃದ್ಧ ಲೇಖಕಿ ತನ್ನ ಮಾತಿನ ಬಲವನ್ನು ಕೊಟ್ಟಳು. ದೊರೆಯ ತಮ್ಮನೂ ಚಿತ್ರಕಾರನೂ ಆದ ರಾಜಕುಮಾರ ಯೂಜೆನ್ ನೆರವಾದ.

೧೯೪೦ನೆಯ ಇಸವಿ ಮೇ ೧೬ರಂದು ನೆಲ್ಲಿ ಜಾಕ್ಸ್ ತನ್ನ ಮುದಿ ತಾಯಿಯೊಡನೆ ವಿಮಾನದಲ್ಲಿ ಸ್ಟಾಕ್‌ಹೋಮ್ ಮುಟ್ಟಿದಳು. ಶಿಬಿರಕ್ಕೆ ಹಾಜರಾಗಬೇಕೆಂಬ ಆಜ್ಞೆ ಆ ಹೊತ್ತಿಗಾಗಲೇ ಅವಳ ಕೈಸೇರಿತ್ತು. ಕೃತಜ್ಞತೆ ಹೇಳೋಣವೆಂದರೆ ಲಾಗರ್‌ಲೋಫ್ ಇರಲಿಲ್ಲ. ಸರಿಯಾಗಿ ಎರಡು ತಿಂಗಳ ಹಿಂದೆ, ಮಾರ್ಚ್ ೧೬ರಂದು, ತೀರಿಕೊಂಡಿದ್ದಳು. ಪರನಾಡಿನ ಇಕ್ಕಟ್ಟಾದ ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುತ್ತ, ನೆಲ್ಲಿ ಜಾಕ್ಸ್ ಸ್ವೀಡಿಷ್ ಕಲಿತು, ಆ ನಾಡಿನ ಹೊಸ ಕವಿಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಜೀವನ ನಡೆಸಿದಳು. ಆ ಅನುವಾದಗಳ ಸಂಕಲನ ೧೯೪೭ರಲ್ಲಿ ಜರ್ಮನಿಯಲ್ಲಿಯೇ ಅಚ್ಚಾಯಿತು. ತನ್ನನ್ನು ಕೊಲ್ಲಹೊರಟಿದ್ದ ನಾಡಿಗೆ, ತನ್ನನ್ನು ಉಳಿಸಿಕೊಂಡ ನಾಡಿನ ಕಾವ್ಯವನ್ನು ಆಕೆ ಕಳುಹಿಸಿಕೊಟ್ಟಳು. ತನ್ನವರ ನಾಶವನ್ನು ಕುರಿತ ಅವಳ ಸ್ವಂತ ಕವಿತೆಗಳೂ ಅದೇ ವರ್ಷಗಳಲ್ಲಿ ಬರೆದವು. ೧೯೬೬ರ ಡಿಸೆಂಬರ್ ೧೦ರಂದು, ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ, ಆಕೆ ನೊಬೆಲ್ ಬಹುಮಾನವನ್ನು ಸ್ವೀಕರಿಸಿದಳು. ಹುಡುಗಿಯೊಬ್ಬಳು ಓದಿದ ಒಂದು ಅನುವಾದ ಮೂವತ್ತುಮೂರು ವರ್ಷಗಳ ನಂತರ ಎರಡು ಜೀವಗಳನ್ನು ಉಳಿಸಿತು. ಇದನ್ನು ತಂಗಳೆನ್ನಲು ಯಾರಿಗೆ ನಾಲಗೆ ಏಳುತ್ತದೆ?

ಸ್ವೀಡನ್ ನಮ್ಮಲ್ಲಿಗೆ ಬಂದ ದಾರಿಗೆ ಹಣ ಸುರಿದವರನ್ನೂ ನೆನೆಯಬೇಕು. ೧೯೨೫ನೆಯ ಸಾಲಿನ ನೊಬೆಲ್ ಗೌರವವನ್ನು ಸ್ವೀಕರಿಸಿದ ಬರ್ನಾರ್ಡ್ ಷಾ, ಅದರ ಹಣವನ್ನು ತನಗಿಟ್ಟುಕೊಳ್ಳದೆ, ಸ್ವೀಡಿಷ್ ಕೃತಿಗಳನ್ನು ಇಂಗ್ಲಿಷಿಗೆ ತರುವ ಪ್ರತಿಷ್ಠಾನಕ್ಕೆ ಕೊಟ್ಟುಬಿಟ್ಟ. ಮೊದಲು ಕೈಗೆತ್ತಿಕೊಂಡದ್ದು, ಅವನು ಮೆಚ್ಚಿದ ಸ್ಟ್ರಿಂಡ್‌ಬೆರ್ಗನ ನಾಟಕಗಳನ್ನು. ದಾರಿ ಎಂದ ಮೇಲೆ ಎರಡು ಕಡೆಯ ಸಂಚಾರವೂ ಉಂಟಷ್ಟೆ. ೧೯೧೩ರಲ್ಲಿ ಸ್ವೀಡಿಷ್ ಅಕಾಡೆಮಿ ರವೀಂದ್ರನಾಥ ಠಾಕೂರರನ್ನು ಗುರುತಿಸಿದ್ದು, ಅವರೇ ಬಂಗಾಳಿಯಿಂದ ಇಂಗ್ಲಿಷಿಗೆ ತಂದ ‘ಗೀತಾಂಜಲಿ’ಯನ್ನು ಓದಿ. ಅದನ್ನು ಓದಿ ಅವರ ಪರವಾಗಿ ಬಲವಾಗಿ ಮಾತನಾಡಿದವನು ಸ್ವೀಡನ್ನಿನ ಕವಿ ವೆರ್ನರ್ ಫಾನ್ ಹೈಡನ್‌ಸ್ಟಾಮ್. ಠಾಕೂರರು ಸ್ಟಾಕ್‌ಹೋಮಿಗೆ ಹೋಗಿ ಉಪನ್ಯಾಸ ಮಾಡಿದ್ದು ೧೯೨೧ರಲ್ಲಿ. ಅಂದು ಬಂಗಾಳದ ಕವಿ ಯಾವ ಇಂಗ್ಲಿಷ್ ಸೇತುವೆಯ ಮೇಲೆ ಉತ್ತರಕ್ಕೆ ನಡೆದರೋ, ಅದೇ ಸೇತುವೆಯ ಮೇಲೆ ಲಾಗರ್‌ಲೋಫಳೂ ಮೂಬೆರ್ಗನೂ ನಮ್ಮ ಕಡೆಗೆ ನಡೆದು ಬಂದರು.

ಸೇತುವೆಗೆ ಸುಂಕವೂ ಉಂಟು. ಸ್ಟೀಗ್ ಲಾರ್ಸನ್ ಎಂಬ ಪತ್ರಕರ್ತ ಬರೆದು, ಅವನ ಮರಣಾನಂತರ ೨೦೦೫ರಲ್ಲಿ ಪ್ರಕಟವಾದ ಪತ್ತೇದಾರಿ ಕಾದಂಬರಿಯನ್ನು ಇಂದಿನ ಯುವಕರು ಬಲ್ಲರು. ಇಂಗ್ಲಿಷಿನಲ್ಲಿ ಅದರ ಹೆಸರು ಮೈಮೇಲೆ ಹಚ್ಚೆ ಹಾಕಿಸಿಕೊಂಡ ಹುಡುಗಿಯೊಬ್ಬಳದು. ಮೂಲದಲ್ಲಿ ಲೇಖಕನಿಟ್ಟ ಹೆಸರಿನ ಅರ್ಥ, ಹೆಂಗಸರನ್ನು ದ್ವೇಷಿಸುವ ಗಂಡಸರು ಎಂದು. ಆರೋಪಪಟ್ಟಿಯಾಗಿದ್ದದ್ದು ಸೇತುವೆ ದಾಟುವಾಗ ಆಕರ್ಷಣೆಯಾಯಿತು. ಲೂ-ಯೂಹಾನ್ಸನ್ ಕೂಲಿ ಹೆಂಗಸಿನ ಬದುಕನ್ನು ಚಿತ್ರಿಸಿ ೧೯೩೯ರಲ್ಲಿ ಪ್ರಕಟಿಸಿದ ಕಾದಂಬರಿ ಇಂಗ್ಲಿಷಿಗೆ ಬಂದದ್ದು ೧೯೯೧ರಲ್ಲಿ, ಲೇಖಕ ತೀರಿಕೊಂಡ ಮರುವರ್ಷ. ಸೇತುವೆಯ ಕಾವಲುಗಾರನಿಗೆ ಬೇಡವಾದದ್ದು ನಮಗೂ ಕಾಣುವುದಿಲ್ಲ.

ಆದರೆ ಇಂಗ್ಲಿಷ್ ಕಳೆದದ್ದನ್ನು ಕನ್ನಡ ಮರಳಿ ಪಡೆಯುವ ಸಂದರ್ಭಗಳೂ ಇವೆ. ೧೮೮೮ರಲ್ಲಿ ಸ್ಟ್ರಿಂಡ್‌ಬೆರ್ಗ್ ಬರೆದ ‘ಮಿಸ್ ಜೂಲಿ’ ನಾಟಕದಲ್ಲಿ, ಜಹಗೀರುದಾರನ ಮಗಳಿಗೂ ಮನೆಯ ಆಳಿಗೂ ಒಂದು ರಾತ್ರಿ ಕೂಡಿಕೆಯಾಗುತ್ತದೆ. ಆಮೇಲೆ ಆಕೆ ತನ್ನನ್ನು ‘ನೀನು’ ಎಂದು ಕರೆಯುವಂತೆ ಅವನನ್ನು ಬೇಡುತ್ತಾಳೆ. ಈ ಮನೆಯಲ್ಲಿರುವವರೆಗೆ ಅದು ತನ್ನಿಂದಾಗದೆಂದು ಅವನು ಒದ್ದಾಡುತ್ತಾನೆ. ನಾಟಕದ ಮರ್ಮವೆಲ್ಲ ಆ ಒಂದು ಸರ್ವನಾಮದಲ್ಲಿದೆ. ಒಡೆಯನಿಗೂ ಆಳಿಗೂ ಒಂದೇ ಪದವನ್ನು ಬಳಸುವ ಇಂಗ್ಲಿಷಿನಲ್ಲಿ ಇದು ಕೇಳಿಸುವುದೇ ಇಲ್ಲ. ನಮಗೋ, ‘ನೀನು’ ಎನ್ನುವುದಕ್ಕೂ ‘ನೀವು’ ಎನ್ನುವುದಕ್ಕೂ ಇರುವ ಅಂತರವನ್ನು ಯಾರೂ ಕಲಿಸಬೇಕಾಗಿಲ್ಲ. ಅಂದಿನ ಸ್ವೀಡನ್ನಿನಲ್ಲಿ ದೊಡ್ಡವರನ್ನು ಎದುರಿಗಿದ್ದಾಗಲೂ ಪ್ರಥಮ ಪುರುಷದಲ್ಲಿ, ಪದವಿಯ ಹೆಸರಿನಿಂದ ಮಾತನಾಡಿಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ‘ಧಣಿಗಳು ಯಾವಾಗ ಬಂದರು’ ಎಂದು ಧಣಿಯನ್ನೇ ಕೇಳುವಂತೆ. ೧೯೬೦ರ ದಶಕದಲ್ಲಿ ಆ ದೇಶ ಇದನ್ನು ಕಳಚಿಹಾಕಿತು. ೧೯೬೭ರಲ್ಲಿ ಸರ್ಕಾರದ ವೈದ್ಯಕೀಯ ಮಂಡಲಿಯ ಮುಖ್ಯಸ್ಥನಾಗಿ ಬಂದ ಬ್ರೂರ್ ರೆಕ್ಸೆಡ್, ತನ್ನ ಕಚೇರಿಯವರನ್ನೆಲ್ಲ ‘ನೀನು’ ಎಂದೇ ಕರೆಯುವುದಾಗಿ ಸಾರಿದ್ದು ಆ ಬದಲಾವಣೆಯ ಗುರುತಾಗಿ ಉಳಿದಿದೆ. ನಾಟಕದ ಆಳಿಗೆ ಬಾಯಿಬಾರದ ಆ ಪದ ಎಂಬತ್ತು ವರ್ಷಗಳಲ್ಲಿ ನಾಡಿನ ಎಲ್ಲರ ಸೊತ್ತಾಯಿತು. ಈ ಚರಿತ್ರೆಯ ಬಿಸಿಯನ್ನು ಇಂಗ್ಲಿಷ್ ಓದುಗನಿಗಿಂತ ಕನ್ನಡ ಓದುಗ ಹೆಚ್ಚಾಗಿ ಅನುಭವಿಸಬಲ್ಲ. ಅಂಥ ಅನುವಾದವನ್ನು ಮಾಡುವ ಕೈಗಳು ನಮ್ಮಲ್ಲಿರಬೇಕು, ಅಷ್ಟೆ.

ಆ ಕೈಗಳಲ್ಲಿ ಒಂದನ್ನು ನಾನೇ ತಡೆದೆನಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ. ಹಾಳೆಗಳನ್ನು ಮಡಿಸಿಕೊಂಡು ಹೋದ ಆ ಹುಡುಗ ಈಗ ಎಲ್ಲಿದ್ದಾನೋ ಅರಿಯೆ. ನನ್ನ ಈ ಮಾತು ಅವನ ಕಿವಿಗೆ ಬೀಳುವುದಾದರೆ, ಹೇಳಬೇಕಾದದ್ದು ಇಷ್ಟೇ: ಆ ಕಥೆಯನ್ನು ಅವನು ಮುಗಿಸಲಿ, ನಾನು ಅದನ್ನು ಎರಡು ಪುಟಕ್ಕೆ ನಿಲ್ಲಿಸದೆ ಓದುತ್ತೇನೆ. ರಟ್ಟಿಲ್ಲದ ‘ಬರಬ್ಬಾಸ್’ ಇಂದಿಗೂ ನನ್ನ ಮೇಜಿನ ಮೇಲಿದೆ. ನಿವೃತ್ತನಾಗುವ ಮುನ್ನಿನ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಒಂದು ನಿಯಮವನ್ನು ಮಾಡಿದ್ದೆ. ಪರಭಾಷೆಯ ಯಾವ ಕೃತಿಯನ್ನು ಓದುವಾಗಲೂ, ಮೊದಲು ಲೇಖಕನ ಹೆಸರನ್ನೂ, ಅದರ ಹಿಂದೆಯೇ ಸಣ್ಣ ಅಕ್ಷರದಲ್ಲಿರುವ ಅನುವಾದಕನ ಹೆಸರನ್ನೂ ಗಟ್ಟಿಯಾಗಿ ಓದತಕ್ಕದ್ದೆಂದು. ತಾವೂ ಒಮ್ಮೆ ಹಾಗೆ ಓದಿ ನೋಡಬೇಕೆಂದು ನನ್ನ ವಿನಂತಿ.